ಮಲಕಪೇಟೆಯಿಂದ ತಂದ ಎದೆಸುಳಿಯ ಕುದುರೆ

ಹೈದರಾಬಾದಿಗೆ ಕುದುರೆ ಕೊಳ್ಳಲು ಹೋಗಿ ನಾನು ತಪ್ಪು ಕುದುರೆಗೆ ಮುಂಗಡ ಕೊಟ್ಟೆ. ನಡೆದದ್ದು ಇಷ್ಟೇ. ಮೊಮ್ಮಗಳು ತಡೆ ಅಂದಳು, ನಾನು ತಡೆಯಲಿಲ್ಲ. ವ್ಯಾಪಾರಿಯನ್ನು ಬೈಯಬಹುದಿತ್ತು, ಆದರೆ ಅವರು ಒಂದು ಸುಳ್ಳೂ ಹೇಳಲಿಲ್ಲ. ಮೂವತ್ತೈದು ವರ್ಷ ಟಾಂಗಾ ಕುದುರೆಗಳ ಲದ್ದಿ ಬಾಚಿದವಳು ನಾನೇ ಎಡವಿದೆ. ಆದರೂ ನಮ್ಮ ಲಾಯಕ್ಕೆ ಬಂದದ್ದು ಒಳ್ಳೆಯ ಕುದುರೆ. ಅದು ಹೇಗೆ ಬಂತೆಂದು ಕೇಳಿದವರಿಗೆಲ್ಲ ಹೇಳಿ ಸಾಕಾಗಿದೆ, ಇಲ್ಲಿ ಬರೆದಿಡುತ್ತೇನೆ.

ನಮ್ಮ ಊರು ಬೀದರ್. ಯಜಮಾನರು ಟಾಂಗಾ ಹೊಡೆಯುತ್ತಿದ್ದರು. ಅವರು ಹೋದ ಮೇಲೆ ಗಾಡಿ, ಕುದುರೆ ಎರಡೂ ಮಾರಿ ಎಮ್ಮೆ ಕಟ್ಟಿದೆ. ಮಗನ ಮಗಳು ಅಂಬಿಕಾ ಮುತ್ಯಾನ, ಅಂದರೆ ಅಜ್ಜನ, ಟಾಂಗಾದಲ್ಲಿಯೇ ಬೆಳೆದವಳು. ಈಗ ಇಪ್ಪತ್ತೆರಡು ವರ್ಷ. ಹೈದರಾಬಾದಿನ ಹೊರಗೆ, ಚೇವೆಳ್ಳ ರಸ್ತೆಯಲ್ಲಿರುವ ಒಂದು ಸವಾರಿ ಶಾಲೆಯಲ್ಲಿ ಮಕ್ಕಳಿಗೆ ಕುದುರೆ ಹತ್ತಲು ಕಲಿಸುತ್ತಾಳೆ. ಅವಳ ಜೀವವೆಲ್ಲ ಇರುವುದು ಕುದುರೆಯನ್ನು ಅಡ್ಡಗೋಲುಗಳ ಮೇಲೆ ಹಾರಿಸುವ ಸ್ಪರ್ಧೆಯಲ್ಲಿ. ಶಾಲೆಯ ಎರಡು ಕುದುರೆಗಳನ್ನು ಒಂದಾದ ಮೇಲೊಂದು ತಿದ್ದಿ ತಯಾರು ಮಾಡಿದಳು. ತಯಾರಾದ ಮೇಲೆ ಎರಡನ್ನೂ ದುಡ್ಡಿದ್ದವರು ತಮ್ಮ ಮಕ್ಕಳಿಗೆಂದು ಕೊಂಡು ಹೋದರು. ಇವಳು ಮೈದಾನದ ಆಚೆ ನಿಂತು ನೋಡಿದಳು.

ಈ ಸಲ ಶಾಲೆಯ ಯಜಮಾನರು ಒಂದು ಮಾತು ಕೊಟ್ಟಿದ್ದರು. ಸ್ವಂತ ಕುದುರೆ ತಂದರೆ ಲಾಯದಲ್ಲಿ ಒಂದು ಕೋಣೆ ಪುಕ್ಕಟೆ, ಮೇವು ಅವಳದು, ಚಳಿಗಾಲದ ಸ್ಪರ್ಧೆಗೆ ಹೆಸರೂ ಕಳಿಸುತ್ತಾರೆ. ತಿಂಗಳ ಕೊನೆಯೊಳಗೆ ತರದಿದ್ದರೆ ಕೋಣೆ ಬೇರೆಯವರಿಗೆ. ಅವಳು ನನಗೆ ಫೋನ್ ಮಾಡಿದಾಗ ತಿಂಗಳು ಮುಗಿಯಲು ಆರು ದಿನ ಉಳಿದಿತ್ತು.

ನನ್ನ ಮೊಣಕಾಲು ಹಾಲು ಕರೆಯಲು ಕೂರಗೊಡುತ್ತಿರಲಿಲ್ಲ. ಎಮ್ಮೆ ಮಾರುವುದು ಹೇಗೂ ಇತ್ತು, ಇದ್ದ ಎರಡನ್ನೂ ಮಾರಿದೆ. ಅವಳು ಕೂಡಿಟ್ಟದ್ದೂ ಸೇರಿ ಒಂದೂವರೆ ಲಕ್ಷವಾಯಿತು. ಹಾರಲು ಕಲಿತ ಕುದುರೆಗೆ ಎಂಟು ಹತ್ತು ಲಕ್ಷ ಹೇಳುತ್ತಾರಂತೆ. ಆದರೆ ಓಟಕ್ಕೆಂದು ಸಾಕಿ, ಓಟದಲ್ಲಿ ಹಿಂದೆ ಬಿದ್ದ ಎಳೆಯ ಕುದುರೆಗಳು ಹೈದರಾಬಾದಿನಲ್ಲಿ ಕಡಿಮೆಗೆ ಸಿಗುತ್ತವೆ. ನಮಗೆ ಎಟಕುವುದು ಅಂಥದ್ದೇ.

ಬೀದರಿನಿಂದ ಬೆಳಗಿನ ರೈಲು ಹಿಡಿದೆ. ಟಿಕೆಟ್ಟು ಎಪ್ಪತ್ತು ರೂಪಾಯಿ. ದುಡ್ಡನ್ನು ಬಟ್ಟೆ ಚೀಲದಲ್ಲಿ ಹೊಲಿದು ಸೊಂಟಕ್ಕೆ ಕಟ್ಟಿಕೊಂಡಿದ್ದೆ. ಕೂತರೆ ಒತ್ತುತ್ತಿತ್ತು, ನಿಂತರೆ ಜಾರುತ್ತಿತ್ತು. ಜಹೀರಾಬಾದಿನಲ್ಲಿ ಪೇರಲ ಹಣ್ಣಿನ ಬುಟ್ಟಿಗಳು ಹತ್ತಿದವು. ವಿಕಾರಾಬಾದಿನಲ್ಲಿ ಗಾಡಿ ಅರ್ಧ ಗಂಟೆ ನಿಂತಿತು, ಯಾಕೆಂದು ಯಾರೂ ಹೇಳಲಿಲ್ಲ. ಅಲ್ಲಿ ರೊಟ್ಟಿ ಬಿಚ್ಚಿ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆ. ಮಳೆ ನಿಂತು ಹದಿನೈದು ದಿನವಾಗಿತ್ತು. ಹೊಲಗಳಲ್ಲಿ ಹತ್ತಿ ಬಾಯಿ ಬಿಡುತ್ತಿತ್ತು.

ಲಿಂಗಂಪಲ್ಲಿಯಲ್ಲಿ ಇಳಿದಾಗ ಅಂಬಿಕಾ ಮೆಟ್ಟಿಲ ಹತ್ತಿರ ನಿಂತಿದ್ದಳು. ಹೋದ ಸಲಕ್ಕಿಂತ ತೆಳ್ಳಗಾಗಿದ್ದಳು.

"ಹೊಟ್ಟಿಗೇನರ ಹಾಕ್ತೀಯೋ, ಎಲ್ಲಾ ಕುದುರಿಗೇ ಹಾಕ್ತೀಯೋ?" ಅಂದೆ.

"ಆಯಿ, ಈಗೇ ಸುರು ಮಾಡಬ್ಯಾಡ. ಬಸ್ ಬಂತು, ನಡಿ."

ಕೋಠಿಗೆ ಹೋಗುವ ಬಸ್ಸು. ಕಂಡಕ್ಟರಮ್ಮ ಅಂಬಿಕಾಳ ಆಧಾರಿನಲ್ಲಿ ಹೈದರಾಬಾದಿನ ವಿಳಾಸ ನೋಡಿ ದುಡ್ಡಿಲ್ಲದ ಚೀಟಿ ಹರಿದು ಕೊಟ್ಟಳು. ನನ್ನದನ್ನು ತಿರುವಿ ನೋಡಿ, "ಇದಿ ಕರ್ನಾಟಕ ಅಮ್ಮಾ, ಟಿಕೆಟ್ ತೀಸ್ಕೋವಾಲಿ" ಅಂದಳು. ಇಲ್ಲಿ ಪುಕ್ಕಟೆ ಓಡಾಟ ಈ ರಾಜ್ಯದ ಹೆಂಗಸರಿಗೆ ಮಾತ್ರ. ನಲವತ್ತೈದು ರೂಪಾಯಿ ಎಣಿಸಿ ಕೊಟ್ಟೆ.

"ಗಟ್ಟಿ ಹುಡುಗಿ ನೀ ಪುಕ್ಕಟ, ಮೊಣಕಾಲ ಹೋದ ಮುದುಕಿ ನಾ ರೊಕ್ಕ ಕೊಡಬೇಕು."

"ನಾ ಬೀದರಿಗಿ ಬಂದಾಗ ನೀ ಪುಕ್ಕಟ ಕೂಡ್ತಿ, ನಾ ರೊಕ್ಕ ಕೊಡ್ತೀನಿ. ಆಗ ಒಮ್ಮ್ಯಾರ ಬಾಯಿ ಬಿಟ್ಟೀಯೇನು?"

ಮುಂದಿನ ಸೀಟಿನಲ್ಲಿದ್ದ ಹೆಂಗಸು ನಕ್ಕು ತಿರುಗಿದಳು. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು, ತೊಡೆಯ ಮೇಲೆ ಊಟದ ಡಬ್ಬಿ. "ಎಲ್ಲಿಗಿ ಹೊಂಟೀರಿ ಆಯಿ?" ಅಂದಳು.

"ಕುದುರಿ ತರಾಕ."

"ಯಾರ ಮದುವಿರಿ?"

"ಮದುವಿಗಲ್ಲವ್ವಾ, ಜಿಗ್ಯಾಕ."

ಅವಳು ಅಂಬಿಕಾಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಈಕಿ ಜಿಗೀತಾಳೇನ್ರಿ? ನಮ್ಮಾಕಿ ಬರೇ ಟಿವಿ ಮುಂದ ಕೂಡ್ತಾಳ ನೋಡ್ರಿ" ಅಂದು ಇಳಿಯುವವರೆಗೆ ಕುದುರೆಯ ಬೆಲೆ, ಮೇವು, ಬಿದ್ದರೆ ಮೂಳೆ ಮುರಿಯುತ್ತದೋ ಇಲ್ಲವೋ ಎಲ್ಲ ಕೇಳಿಕೊಂಡಳು. ಇಳಿಯುವಾಗ "ಗೆದ್ದು ಬಾರವ್ವಾ" ಅಂತ ಅಂಬಿಕಾಳ ಗಲ್ಲ ತಟ್ಟಿ ಹೋದಳು.

ಕೋಠಿಯಲ್ಲಿ ಇಳಿದು ಸುಲ್ತಾನ್ ಬಜಾರಿನೊಳಗೆ ನಡೆದೆವು. ಕುದುರೆಗೆ ಹೊದಿಸಲು ಒಂದು ದಪ್ಪ ಕಂಬಳಿ ಬೇಕಿತ್ತು, ಮುನ್ನೂರೈವತ್ತಕ್ಕೆ ಸಿಕ್ಕಿತು. ಕುದುರೆ ಉಜ್ಜುವ ಬ್ರಷ್ಷಿಗೆ ಅಂಗಡಿಗಳಲ್ಲಿ ಆರುನೂರು ಅಂತ ಅಂಬಿಕಾ ಹೇಳಿದಳು. ನಾನು ಬೂಟು ಒರೆಸುವ ದೊಡ್ಡ ಬ್ರಷ್ಷೊಂದನ್ನು ಎಂಬತ್ತು ರೂಪಾಯಿಗೆ ಕೊಂಡೆ. ಕೂದಲು ಒಳ್ಳೆಯದಿತ್ತು. ಕುದುರೆಗೆ ಬೆಲೆ ಗೊತ್ತಾಗುವುದಿಲ್ಲ.

ಮಲಕಪೇಟೆಯ ಲಾಯ ಮುಟ್ಟಿದಾಗ ಸಂಜೆ ನಾಲ್ಕೂವರೆ. ಒಂದು ಗಲ್ಲಿಯ ಕೊನೆ, ತಗಡಿನ ಬಾಗಿಲು, ಒಳಗೆ ಎಂಟು ಕೋಣೆ, ನಡುವೆ ಅಂಗಳ, ಅಂಗಳಕ್ಕೆ ಅಡ್ಡವಾಗಿ ನೀರು ಹರಿಯುವ ಒಂದು ಮೊಳ ಅಗಲದ ತೆರೆದ ಗಟಾರ. ವ್ಯಾಪಾರಿ ಜಬ್ಬಾರ್ ಸಾಬರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡಿದ್ದರು. ಗಡ್ಡಕ್ಕೆ ಮೆಹಂದಿ. ಅವರ ತಾಯಿಯ ಊರು ಹುಮನಾಬಾದ್, ಹಾಗಾಗಿ ಕನ್ನಡ ಬರುತ್ತಿತ್ತು. ಚಹಾ ತರಿಸಿದರು.

ಕುದುರೆಗಳನ್ನು ಆಗಲೇ ಒಂದು ಗಂಟೆ ತಿರುಗಾಡಿಸಿ ತಂದಿದ್ದರು. ಮೊದಲು ತೋರಿಸಿದ್ದು ಕಂದು ಬಣ್ಣದ ಹೆಣ್ಣು ಕುದುರೆ. ಕಾಲು, ಬಾಲ ಕಪ್ಪು, ಕತ್ತು ಉದ್ದ. ನಾನು ಎದ್ದು ಹೋಗಿ ಗಂಟಲ ಕೆಳಗೆ ಬೆರಳಾಡಿಸಿದೆ. ಅಲ್ಲಿ ಸುಳಿ ಸಿಕ್ಕಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುದುರೆಯ ಮೈ ಮೇಲೆ ಕೂದಲು ಅಲ್ಲಲ್ಲಿ ಸುತ್ತಿಕೊಂಡು ಸುಳಿಯಾಗಿರುತ್ತದೆ. ನಮ್ಮ ಟಾಂಗಾದವರು ಕುದುರೆ ಕೊಳ್ಳುವಾಗ ಸುಳಿ ನೋಡದೆ ಚೀಲ ಬಿಚ್ಚುತ್ತಿರಲಿಲ್ಲ. ಗಂಟಲ ಕೆಳಗೆ ಇದ್ದರೆ ದೇವಮಣಿ, ಮನೆಗೆ ಒಳ್ಳೆಯದು. ಎದೆಯ ನಡುವೆ ಒಂಟಿ ಸುಳಿ ಇದ್ದರೆ ಆ ಕುದುರೆ ಮಾಲೀಕನ ಎದೆಗೆ ಹೊಡೆಯುತ್ತದೆ ಅನ್ನುತ್ತಾರೆ. ಮೆರವಣಿಗೆಗೆ ಕುದುರೆ ಇಡುವವರು ಈಗಲೂ ಅಂಥದ್ದನ್ನು ಮುಟ್ಟುವುದಿಲ್ಲ.

"ಅರೆ ವಾಹ್, ಅಮ್ಮಾಗ ದೇವಮಣಿ ಗೊತ್ತದ!" ಅಂದರು ಜಬ್ಬಾರ್ ಸಾಬರು. "ಈಗಿನ ಮಂದಿ ಬರೇ ಫೋನಿನಾಗ ಫೋಟೋ ನೋಡಿ ಕೇಳ್ತಾರ. ಕೈ ಇಟ್ಟು ನೋಡೂವರು ಎಲ್ಲಿದಾರ?"

ನನಗೆ ಆ ಮಾತು ಹಿಡಿಸಿತು. ಹಿಡಿಸಬಾರದಿತ್ತು.

ಅಂಬಿಕಾ ನನ್ನ ಹತ್ತಿರ ಇರಲಿಲ್ಲ. ಅಂಗಳದ ಆಚೆ ಒಂದು ಕೆಂಪು ಗಂಡು ಕುದುರೆಯನ್ನು ನೋಡುತ್ತಿದ್ದಳು. ಉಳಿದ ಕುದುರೆಗಳು ಗಟಾರ ಬಂದಾಗ ಅಡ್ಡಡ್ಡ ಕುಣಿದು, ಕೂಗಿಸಿಕೊಂಡು ದಾಟಿದ್ದವು. ಕೆಂಪನದು ತಲೆ ತಗ್ಗಿಸಿ ಗಟಾರವನ್ನು ಒಮ್ಮೆ ನೋಡಿ, ಮುಂಗಾಲು ಎರಡನ್ನೂ ಜೋಡಿಸಿ ಮಡಚಿ, ಹಾರಿ, ಆಚೆ ಏನೂ ಆಗಿಲ್ಲವೆಂಬಂತೆ ನಡೆಯಿತು.

"ಆಯಿ, ಇದನ್ನ ನೋಡ. ಕಾಲು ಹ್ಯಾಂಗ ಮಡಚ್ತದ ನೋಡ."

"ಎದಿ ನೋಡಿದೇನ ಅದರದು?"

"ಅಗಲ ಅದ, ಚಂದ ಅದ."

"ಎದಿ ಮ್ಯಾಲಿನ ಸುಳಿ ನೋಡಂತೀನಿ. ಟಾಂಗಾ ಸ್ಟ್ಯಾಂಡಿನಾಗ ಪುಕ್ಕಟ ಕೊಟ್ರೂ ಯಾರೂ ಒಯ್ಯಂಗಿಲ್ಲ."

"ಟಾಂಗಾ ಸ್ಟ್ಯಾಂಡರ ಎಲ್ಲದ ಆಯಿ ಈಗ? ಅಲ್ಲಿ ಮೊಬೈಲ್ ಅಂಗಡಿ ಆಗ್ಯಾವ. ಸುಳಿ ಜಿಗೀತದೇನ? ಕಾಲು ಜಿಗೀತಾವ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಂದು ಕುದುರೆಯ ಎಡ ಮುಂಗಾಲಿಗೆ ಮಣ್ಣು ಮೆತ್ತಿದ್ದರು. ಯಾಕೆಂದು ಕೇಳಿದೆ. "ಬೆಳಿಗ್ಗೆ ಓಡಿಸೀವಿ ಅಮ್ಮಾ, ತಂಪಿಗೆ" ಅಂದರು. ಸರಿ ಅಂದೆ. ಒಂದು ಲಕ್ಷ ನಲವತ್ತು ಸಾವಿರದಿಂದ ಇಳಿಸಿ ಇಳಿಸಿ ಒಂದು ಲಕ್ಷ ಹದಿನೈದಕ್ಕೆ ನಿಲ್ಲಿಸಿದೆ.

"ಕುದುರಿ ಡಾಕ್ಟರು ನಾಳೆ ಹತ್ತಕ್ಕ ಬರ್ತಾರ, ಅವರು ನೋಡಲಿ, ಆಮ್ಯಾಲ ಬಯಾನಾ ಕೊಡು" ಅಂತ ಅಂಬಿಕಾ ಸೆರಗು ಎಳೆದಳು. ಬಯಾನಾ ಅಂದರೆ ಮುಂಗಡ. ನಮ್ಮಲ್ಲಿ ಸುಳಿ ಕೂಡಿಬಂದ ಕುದುರೆಯನ್ನು ಬಯಾನಾ ಕೊಡದೆ ರಾತ್ರಿ ಕಳೆಯಲು ಬಿಡುವುದಿಲ್ಲ. ಬೆಳಗಾಗುವುದರೊಳಗೆ ಬೇರೆಯವರ ಪಾಲಾಗುತ್ತದೆ ಅನ್ನುವ ಹೆದರಿಕೆ. ಹತ್ತು ಸಾವಿರ ಎಣಿಸಿ ಜಬ್ಬಾರ್ ಸಾಬರ ಕೈಗಿಟ್ಟೆ.

ಮರುದಿನ ಸಾಗಿಸುವುದು ಇದ್ದುದರಿಂದ ಕೋಠಿಯಲ್ಲಿಯೇ ಏಳುನೂರು ರೂಪಾಯಿಯ ಲಾಡ್ಜಿನಲ್ಲಿ ಉಳಿದೆವು. ಕೆಳಗಿನ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಅಂಬಿಕಾ ಬೇಳೆಯಲ್ಲಿ ಅನ್ನ ಕಲಸುತ್ತಲೇ ಇದ್ದಳು. ಕೊನೆಗೆ ತಲೆ ಎತ್ತದೆ ಕೇಳಿದಳು.

"ಮುತ್ಯಾ ಕುದುರಿ ನೋಡಾಕ ಯಾವಾಗ ಹೋಗ್ತಿದ್ದ ಆಯಿ?"

ಯಜಮಾನರು ಬೆಳಿಗ್ಗೆ ಹೋಗುತ್ತಿದ್ದರು, ಮೇವು ಹಾಕುವ ಮುಂಚೆ. ರಾತ್ರಿಯೆಲ್ಲ ನಿಂತ ಕುದುರೆ ಕೋಣೆಯಿಂದ ಹೊರಗೆ ಇಡುವ ಮೊದಲ ಹತ್ತು ಹೆಜ್ಜೆ ನೋಡುತ್ತಿದ್ದರು. ಕಾಲಲ್ಲಿ ನೋವಿದ್ದರೆ ಆ ಹತ್ತು ಹೆಜ್ಜೆಯಲ್ಲಿ ಗೊತ್ತಾಗುತ್ತದೆ. ಒಂದು ಗಂಟೆ ತಿರುಗಾಡಿ ಮೈ ಬಿಸಿಯಾದ ಮೇಲೆ ಕುಂಟ ಕುದುರೆಯೂ ಚಂದ ನಡೆಯುತ್ತದೆ. ಸುಳಿ ನೋಡುತ್ತಿದ್ದದ್ದು ನಿಜ, ಆದರೆ ಎಲ್ಲ ಆದ ಮೇಲೆ, ಕೊನೆಗೆ. ಇದು ನನಗೆ ಗೊತ್ತಿಲ್ಲದ್ದಲ್ಲ.

"ಹೊತ್ತು ಹುಟ್ಟೂದ್ರಾಗ ಹೋಗೂಣು" ಅಂದೆ. ಅವಳು ಆಗ ಊಟ ಮಾಡಿದಳು.

ಬೆಳಿಗ್ಗೆ ಐದೂವರೆಗೆ ಆಟೋ. ನೂರಿಪ್ಪತ್ತು ಕೇಳಿದ, ಕೊಟ್ಟೆವು. ಜಬ್ಬಾರ್ ಸಾಬರು ಹಲ್ಲುಜ್ಜುತ್ತಾ ಬಾಗಿಲು ತೆಗೆದರು. ನಾವು ಯಾಕೆ ಬಂದೆವೆಂದು ಅವರಿಗೆ ತಿಳಿಯಿತು.

ಕಂದು ಕುದುರೆ ಹೊರಗೆ ಬಂತು. ಒಂದು, ಎರಡು, ಮೂರನೆಯ ಹೆಜ್ಜೆಗೆ ತಲೆ ಕುಕ್ಕಿತು. ಎಡಗಾಲು ಊರಿದಾಗಲೆಲ್ಲ ಕುಕ್ಕಿತು. ನಾನು ಮೊಣಕಾಲೂರಿ ಕೂತು ಮಣ್ಣು ತೊಳೆಸಿ ಕೈಯಾಡಿಸಿದೆ. ಹಿಂಬದಿಯ ನರ ಬೆರಳಿನಷ್ಟು ದಪ್ಪ, ಬೆಚ್ಚಗಿತ್ತು. ಹಳೆಯ ಪೆಟ್ಟು. ನಡೆಯಬಲ್ಲದು, ಮರಿ ಹಾಕಬಲ್ಲದು, ಹಾರಲಾರದು.

"ಬಯಾನಾ ವಾಪಸ್ ಕೊಡ್ರಿ" ಅಂದೆ.

"ನಕ್ಕೋ ಅಮ್ಮಾ, ಹಂಗ ಆಗಂಗಿಲ್ಲ. ಮಣ್ಣು ಯಾಕಂತ ಕೇಳಿದ್ರಿ, ಹೇಳಿದೆ. ತೊಳದು ತೋರ್ಸಂದಿದ್ರ ತೊಳೀತಿದ್ದೆ. ನೀವು ಗಂಟಲಾಗ ಬೆರಳಿಟ್ಟು ನಿಂತ್ರಿ, ನಾ ಏನ್ ಮಾಡ್ಲಿ? ಬ್ಯಾರೆ ಕುದುರಿ ತಗೋರಿ, ಅದರಾಗ ಮುರ್ಕೋತೀನಿ."

ಅವರು ಹೇಳಿದ್ದು ನಿಜ. ಅಂಬಿಕಾ ಕಣ್ಣು ತುಂಬಿಕೊಂಡು ಗೋಡೆ ಕಡೆ ತಿರುಗಿದ್ದಳು. ಅವಳ ಎಂಟು ತಿಂಗಳ ಉಳಿತಾಯದಷ್ಟು ದುಡ್ಡು ನಾನು ಒಂದು ಚಹಾ ಕುಡಿಯುವಷ್ಟರಲ್ಲಿ ಕಟ್ಟಿಹಾಕಿದ್ದೆ.

"ಕೆಂಪನದು ಹೊರಗ ತರ್ರಿ" ಅಂದೆ. ಅವಳು ತಿರುಗಿ ನೋಡಿದಳು.

ಕೆಂಪನದು ಬಂತು. ನಾನು ಎದೆ ಕಡೆ ನೋಡಲಿಲ್ಲ. ಹತ್ತು ಹೆಜ್ಜೆ ನೋಡಿದೆ. ತಲೆ ಅಲುಗಲಿಲ್ಲ. ನಾಲ್ಕು ಕಾಲನ್ನೂ ಮೇಲಿನಿಂದ ಕೆಳಗೆ ಹಿಂಡುತ್ತಾ ಬಂದೆ, ತಣ್ಣಗಿದ್ದವು, ನರ ತಂತಿಯಂತಿತ್ತು. ಗೊರಸು ಗುಂಡಗೆ, ಬಿರುಕಿಲ್ಲ. ಹಲ್ಲು ನೋಡಿದೆ, ನಾಲ್ಕು ವರ್ಷ. ಗಟಾರ ಬಂತು. ತಲೆ ತಗ್ಗಿಸಿತು, ಅಳೆಯಿತು, ಕಾಲು ಮಡಚಿತು, ಹಾರಿತು. ಆಚೆ ನಿಂತು ನನ್ನ ಕಡೆ ನೋಡಿ ಆಕಳಿಸಿತು.

"ಇದನ್ನ ಯಾಕ ಮಾರಾಕತ್ತೀರಿ?"

"ಮೂರು ಸಲ ಓಡ್ತು, ಮೂರು ಸಲಾನೂ ಕಡೀಗಿ ಬಂತು. ಅವಸರ ಅನ್ನೂದೇ ಇಲ್ಲ ಇದಕ್ಕ. ಮದುವಿ ಬಾರಾತಿನವರು ಬಂದ್ರು, ಎದಿ ನೋಡಿ ಎದ್ದು ಹೋದ್ರು." ತೊಂಬತ್ತು ಸಾವಿರ ಹೇಳಿದರು.

ನಾನು ಆಗ ಸುಳಿಯ ಮಾತು ತೆಗೆದೆ. ಎದೆಸುಳಿಯ ಕುದುರೆಯನ್ನು ಆರು ತಿಂಗಳಾದರೂ ಯಾರೂ ಒಯ್ಯುವುದಿಲ್ಲ, ದಿನಕ್ಕೆ ಮೇವಿಗೆಷ್ಟು, ನೀವೇ ಲೆಕ್ಕ ಹಾಕಿ ಅಂದೆ. ಎಪ್ಪತ್ತಕ್ಕೆ ಇಳಿದರು, ಬಯಾನಾ ಅದರಲ್ಲೇ ಮುರಿದುಕೊಂಡು. ಅಂಬಿಕಾ ನನ್ನ ಕಿವಿಯಲ್ಲಿ, "ನಿನ್ನಿ ಅದ ಸುಳಿಗಿ ಹೆದರ್ತಿದ್ದಿ, ಇವತ್ತ ಅದನ್ನ ಮಾರ್ಕೊಂಡಿ" ಅಂದಳು. ಅವಳ ಕಣ್ಣು ಒಣಗಿದ್ದವು.

ಡಾಕ್ಟರು ಬರುವವರೆಗೆ ಗಲ್ಲಿಯ ಮೂಲೆಯಲ್ಲಿ ಖಿಚಡಿ, ಹುಣಸೆ ಸಾರಿನಂಥ ಖಟ್ಟಾ ತಿಂದೆವು. ತಟ್ಟೆಗೆ ಐವತ್ತು. ಹುಳಿ ಮುಂದಾಗಿತ್ತು, ಆದರೆ ಬಿಸಿಯಾಗಿತ್ತು. ಡಾಕ್ಟರಮ್ಮ ತೆಲುಗಿನವರು, ಫೀಸು ಮೂರು ಸಾವಿರ. ಕಾಲು ಮಡಚಿ ಹಿಡಿದು ಬಿಟ್ಟು ಓಡಿಸಿದರು, ಕಣ್ಣಿಗೆ ಬೆಳಕು ಬಿಟ್ಟರು. ಎದೆ ಹೇಗಿದೆ ಅಂತ ನಾನು ಎರಡು ಸಲ ಕೇಳಿದೆ. ಅವರು ಕೊಳವೆ ಇಟ್ಟದ್ದು ಸುಳಿಯ ಹತ್ತಿರವೂ ಅಲ್ಲ, ಎಡ ಮುಂಗಾಲಿನ ಹಿಂದೆ. ಬಹಳ ಹೊತ್ತು ಕೇಳಿಸಿಕೊಂಡು, "ಗುಂಡೆ ಚಾಲಾ ಬಾಗುಂದಿ ಅಮ್ಮಾ" ಅಂದರು. ಕುದುರೆಯ ಎದೆ ಗಟ್ಟಿಯಿದೆ ಅಂತ ಆಯಿತು. ಮಾಲೀಕನ ಎದೆಯ ಮಾತು ಡಾಕ್ಟರಿಗೆ ಸೇರಿದ್ದಲ್ಲ.

ಜಬ್ಬಾರ್ ಸಾಬರು ಕಾಗದ ತಂದು ಕೊಳ್ಳುವವರ ಹೆಸರು ಕೇಳಿದರು. ಅಂಬಿಕಾ ತನ್ನ ಹೆಸರು ಹೇಳಲು ಹೋದಳು.

"ಕಾಶಮ್ಮ ಅಂತ ಬರೀರಿ" ಅಂದೆ. ಅದು ನನ್ನ ಹೆಸರು.

"ಯಾಕ ಆಯಿ? ಹತ್ತಾಕಿ ನಾ ಅಲ್ಲೇನು?"

"ಹತ್ತೂದು ನೀ ಹತ್ತು, ಗೆಲ್ಲೂದು ನೀ ಗೆಲ್ಲು. ಮಾಲಕಿ ನಾ. ಸುಳಿ ಹತ್ತಿದವರನ್ನ ನೋಡಂಗಿಲ್ಲ, ಮಾಲಕನ್ನ ನೋಡ್ತದ."

"ಅಂದ್ರ ನೀ ಖರೇನೇ ನಂಬ್ತೀ?"

"ನಂಬೂದು ಬಿಡೂದು ನನ್ನ ಕಡಿ ಇರಲಿ. ಅರವತ್ತೆಂಟು ವರ್ಷದ ಎದಿ ಇದು. ಏನ ಬಡೀತದೋ ಇಲ್ಲೇ ಬಡೀಲಿ."

ಜಬ್ಬಾರ್ ಸಾಬರು ಪೆನ್ನು ಹಿಡಿದು ಹಾಗೇ ಕೂತಿದ್ದರು. "ನಿಮ್ಮ ಯಜಮಾನ್ರ ಕುದುರಿಗಿ ಯಾವ ಸುಳಿ ಇತ್ತಮ್ಮಾ?" ಅಂತ ಕೇಳಿದರು.

"ದೇವಮಣಿ. ಅದರ ಗಾಡಿ ಮ್ಯಾಲ ಕೂತಲ್ಲೇ ಎದಿ ಹಿಡ್ಕೊಂಡು ಹೋದ್ರು."

ಜಬ್ಬಾರ್ ಸಾಬರು ನನ್ನ ಹೆಸರು ಬರೆದರು, ನಾನು ಸಹಿ ಹಾಕಿದೆ. ನಾಲ್ಕನೇ ತರಗತಿಯಲ್ಲಿ ಕಲಿತದ್ದು ಅಷ್ಟಕ್ಕೆ ಸಾಕಾಯಿತು.

ಕುದುರೆ ಸಾಗಿಸುವ ಲಾರಿ ಐದೂವರೆ ಸಾವಿರ. ಕೆಂಪನದು ಹಲಗೆಯ ಮೇಲೆ ಅರ್ಧ ಹತ್ತಿ ನಿಂತು, ಗಲ್ಲಿಯನ್ನೆಲ್ಲ ಒಮ್ಮೆ ನೋಡಿ, ಆಮೇಲೆ ಒಳಗೆ ಹೋಯಿತು. ನಾನು ಡ್ರೈವರನ ಪಕ್ಕ ಕೂತೆ. ಅಂಬಿಕಾ ಹಿಂದೆ ಕುದುರೆಯ ತಲೆಯ ಹತ್ತಿರ ನಿಂತಳು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅವಳು ಅದರ ಜೊತೆ ಮಾತಾಡುವುದು ಕೇಳುತ್ತಿತ್ತು. ಊರು ದಾಟಲು ಒಂದೂವರೆ ಗಂಟೆ. ಮೆಹದಿಪಟ್ಣಂ ಆದ ಮೇಲೆ ಗಾಳಿ ಬಂತು, ಚೇವೆಳ್ಳ ರಸ್ತೆಯ ಆಲದ ಮರಗಳು ಶುರುವಾದವು.

ಎರಡು ಗಂಟೆಗೆ ಶಾಲೆ ಮುಟ್ಟಿದೆವು. ಶಾಲೆಯ ಯಜಮಾನರು ಕುದುರೆಯನ್ನು ಸುತ್ತು ಹಾಕಿ ನೋಡಿ, ಎಷ್ಟಾಯಿತೆಂದು ಕೇಳಿ, ಹುಬ್ಬು ಏರಿಸಿದರು. ಮಾತು ಕೊಟ್ಟಂತೆ ಕೋಣೆ ಕೊಟ್ಟರು, ಸಾಲಿನ ಕೊನೆಯದು, ಗೊಬ್ಬರದ ಗುಂಡಿಯ ಪಕ್ಕ. ನಮಗೇನು, ಕುದುರೆಗೆ ಒಗ್ಗಿದ ವಾಸನೆ. ಕಂಬಳಿ ಹೊದಿಸಿದೆವು. ಕಾಗದದಲ್ಲಿ ಅದಕ್ಕೆ ಉದ್ದದ ಇಂಗ್ಲಿಷ್ ಹೆಸರಿತ್ತು. ನಾನು ಕೆಂಪ ಅಂತಲೇ ಕರೆದೆ, ಕಿವಿ ತಿರುಗಿಸಿತು.

"ಸ್ಪರ್ಧಾದಾಗ ಮಾಲಕರ ಹೆಸರೂ ಮೈಕಿನಾಗ ಕೂಗ್ತಾರ ಆಯಿ," ಅಂದಳು ಅಂಬಿಕಾ, ಬಕೀಟಿನಲ್ಲಿ ನೀರು ತುಂಬುತ್ತಾ. "ಶ್ರೀಮತಿ ಕಾಶಮ್ಮ, ಬೀದರ್ ಅಂತ."

"ಗಟ್ಟಿಯಾಗಿ ಕೂಗಾಕ ಹೇಳು. ನಾ ಬರ್ತೀನಿ ಕೇಳಾಕ."

ಮರುದಿನ ಬೆಳಿಗ್ಗೆ ಐದೂವರೆಗೆ, ಮೇವು ಹಾಕುವ ಮುಂಚೆ ಲಾಯಕ್ಕೆ ಹೋದೆ. ಅಂಬಿಕಾ ಹಗ್ಗ ಹಿಡಿದು ಹೊರಗೆ ನಡೆಸಿದಳು. ಕಲ್ಲು ಹಾಸಿನ ಮೇಲೆ ಹತ್ತು ಹೆಜ್ಜೆ ಎಣಿಸಿದೆ, ನಾಲ್ಕು ಗೊರಸಿನ ಸದ್ದೂ ಒಂದೇ ತೂಕದ್ದು. ಆಮೇಲೆ ಸುಲ್ತಾನ್ ಬಜಾರಿನ ಬ್ರಷ್ಷು ತೆಗೆದುಕೊಂಡು ಎದುರಿಗೆ ನಿಂತು ಎದೆ ಉಜ್ಜಿದೆ. ಸುಳಿಯ ಕೂದಲನ್ನು ಎರಡು ಸಲ ನೆಟ್ಟಗೆ ಮಾಡಿದೆ, ಎರಡು ಸಲವೂ ತಿರುಗಿ ಸುತ್ತಿಕೊಂಡಿತು. ಮೂರನೆಯ ಸಲ ಅದು ಸುತ್ತುವ ಕಡೆಗೇ ಉಜ್ಜಿದೆ. ಹೊಳಪು ಬಂತು. ಮೇವು ಹಾಕಿದೆ.